ಓದಬೇಡ, ಅಂಚು ನೋಡು

ಮದುವೆಯಾಗಿ ಈ ಮನೆಗೆ ಬಂದ ಮೂರನೆಯ ದಿನವೇ ಅತ್ತೆ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ ಮೊದಲ ಪಾಠ ಹೇಳಿಕೊಟ್ಟರು. "ಅಕ್ಷರ ಓದಬೇಡ. ಅಂಚು ನೋಡು."

ನಮ್ಮದು ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೇಲೆ ಇಂಕು ಸುರಿದು ರಬ್ಬರಿನ ಪಟ್ಟಿಯಿಂದ ಎಳೆದರೆ, ಬಟ್ಟೆಯಲ್ಲಿ ಎಲ್ಲೆಲ್ಲಿ ಕಣ್ಣು ತೆರೆದಿದೆಯೋ ಅಲ್ಲಲ್ಲಿ ಇಂಕು ಇಳಿದು ಕೆಳಗಿನ ಹಾಳೆಯ ಮೇಲೆ ಅಕ್ಷರವಾಗುತ್ತದೆ. ಹಾಗೆ ಇಳಿದದ್ದನ್ನು ಓದಲು ಹೋದರೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ. ಅಕ್ಷರದ ಬಾಲ ಮುರಿದಿದ್ದರೂ, ಸೊನ್ನೆಯ ಹೊಟ್ಟೆಯಲ್ಲಿ ಇಂಕು ತುಂಬಿಕೊಂಡಿದ್ದರೂ ತಾನೇ ಸರಿಮಾಡಿಕೊಂಡು ಮುಂದೆ ಹೋಗಿಬಿಡುತ್ತದೆ. ಓದದೆ ನೋಡುವವರಿಗೆ ಮಾತ್ರ ತಪ್ಪು ಕಾಣುತ್ತದೆ. ಅತ್ತೆ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೇ ಉಸಿರಿಗೆ ಮೇಲಿಂದ ಕೆಳಗೆ ನೋಡಿ "ಹೂಂ" ಎಂದರೆ ಅದು ಪಾಸು. ಆ ಹಾಳೆಯಲ್ಲಿ ಏನು ಬರೆದಿತ್ತೆಂದು ಮರುಗಳಿಗೆ ಕೇಳಿದರೂ ಅವರಿಗೆ ಗೊತ್ತಿರುವುದಿಲ್ಲ. ಅವರಿಗೆ ಓದು ಬರುತ್ತದೆ, ಆದರೆ ಕೂಡಿಸಿ ಕೂಡಿಸಿ ಓದಬೇಕು. ಮಾವ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಈ ಕೆಲಸವನ್ನು ಒಬ್ಬರೇ ಹೊತ್ತವರು. ಕೂಡಿಸಿ ಓದುತ್ತ ಕೂರಲು ಅವರಿಗೆ ಪುರುಸೊತ್ತು ಎಲ್ಲಿತ್ತು?

ನನಗೆ ಅವರು ಇಟ್ಟ ಹೆಸರು ಡಿಗ್ರಿ. "ಏ ಡಿಗ್ರಿ, ಆ ಡಬ್ಬ ಕೊಡು." "ಡಿಗ್ರಿ, ನಿನ್ನ ಕಾಲೇಜಲ್ಲಿ ನೆಲ ಒರೆಸೋದು ಹೇಳ್ಕೊಡಲಿಲ್ವಾ?" ನಾನು ಮಾತಿಗೆ ಮಾತು ಕೊಡುವವಳಲ್ಲ. ಹೇಳಬೇಕಾದದ್ದು ಗಂಟಲಿನವರೆಗೆ ಬಂದು ನಿಲ್ಲುತ್ತದೆ. ಮೇಲೆ ಕೋಣೆಗೆ ಹೋದ ಮೇಲೆ ಅದು ಡೈರಿಯಲ್ಲಿ ಇಳಿಯುತ್ತದೆ.

ಮೇಲಿನ ಕೋಣೆಗೆ ಹೋಗಬೇಕಾದರೂ ಮುದ್ರಣದ ಕೋಣೆಯೊಳಗಿಂದಲೇ ಮೆಟ್ಟಿಲು. ಹಿಂದಿನ ಅಡುಗೆಮನೆಗೆ ದಾರಿ ಅದರೊಳಗಿಂದಲೇ. ಬೀದಿಗೆ ಕಾಲಿಡಬೇಕಾದರೂ ಅದನ್ನೇ ದಾಟಬೇಕು. ಎರಡು ಕಿಟಕಿಗಳಿವೆ, ಆದರೆ ಸಂದಿಗಳಿಗೆಲ್ಲ ಕಂದು ಬಣ್ಣದ ಪ್ಯಾಕಿಂಗ್ ಟೇಪು ಅಂಟಿಸಿದೆ. ಬೀದಿಯ ಧೂಳು ಒಂದು ಕಾಳಿನಷ್ಟು ಒಳಗೆ ಬಂದರೂ ಹಸಿ ಇಂಕಿನ ಮೇಲೆ ಕೂತು ಹಾಳೆ ಹಾಳು. ಹಾಗಾಗಿ ಒಳಗಿನ ಗಾಳಿ ಒಳಗೇ ಇರುತ್ತದೆ. ಅದು ಥಿನ್ನರ್‌ನ ಗಾಳಿ. ಇಂಕು ತೆಳುಮಾಡುವುದಕ್ಕೆ ಥಿನ್ನರ್, ಪಟ್ಟಿ ಒರೆಸುವುದಕ್ಕೆ ಥಿನ್ನರ್, ಕೆಲಸ ಮುಗಿದ ಮೇಲೆ ಸ್ಕ್ರೀನ್ ತೊಳೆಯುವುದಕ್ಕೂ ಅದೇ. ತೊಳೆಯುವ ಕೆಲಸ ನನ್ನದು. ಬಂದ ಹೊಸತರಲ್ಲಿ ತಲೆ ಸುತ್ತುತ್ತಿತ್ತು. ಆಮೇಲೆ ವಾಸನೆಯೇ ಗೊತ್ತಾಗದ ಹಾಗಾಯಿತು. ನನ್ನ ಕೂದಲಲ್ಲಿ, ದಿಂಬಿನಲ್ಲಿ, ಡೈರಿಯ ಹಾಳೆಗಳಲ್ಲಿ ಅದು ಇತ್ತು. ಇದೆಯೆಂದು ಗೊತ್ತಾಗಲು ಹೊರಗಿನವರು ಬೇಕಾಯಿತು.

ಆ ಹೊರಗಿನವರು ಆಸ್ಪತ್ರೆಯ ನರ್ಸಮ್ಮ.

ಬಸಿರಿನ ಏಳನೆಯ ವಾರ ನಡೆಯುತ್ತಿತ್ತು. ಇಂಕು ಎಳೆಯುವ ಪಟ್ಟಿಗೆ ಹೊಸ ಹ್ಯಾಂಡಲ್ಲು ತರುವ ನೆಪದಲ್ಲಿ ನಾನೂ ನನ್ನ ಗಂಡನೂ ಬೆಳಿಗ್ಗೆಯೇ ಹೊರಟು ಆಸ್ಪತ್ರೆಗೆ ಹೋಗಿದ್ದೆವು. ನರ್ಸಮ್ಮ ಫಾರಂ ಮುಂದಿಟ್ಟುಕೊಂಡು ತಲೆ ಎತ್ತದೆ ಕೇಳುತ್ತ ಹೋದರು.

"ಸಿಗರೇಟು?"

"ಇಲ್ಲ."

"ಕುಡಿಯೋದು?"

ನನ್ನ ಗಂಡನಿಗೆ ನಗು ಬಂತು. ನರ್ಸಮ್ಮ ಈಗ ತಲೆ ಎತ್ತಿದರು. "ನಗಬೇಡಿ ಸ್ವಾಮಿ, ಎಲ್ಲರಿಗೂ ಕೇಳೋದೇ. ಒಂದು ಹನೀನೂ ಕೂಡದು ಅಂತ ಹೇಳೋಕೆ ಕೇಳ್ತಿರೋದು. ನೀವು ಸೇದ್ತೀರಾ?"

"ಯಾವಾಗ್ಲೋ ಒಂದು."

"ಇನ್ಮೇಲೆ ಆ ಒಂದೂ ಬೇಡ. ಸೇದೋರು ನೀವು, ಹೊಗೆ ನುಂಗೋರು ಇವರು." ಮತ್ತೆ ನನ್ನ ಕಡೆ ತಿರುಗಿದರು. "ತಲೆನೋವು, ಸೊಂಟನೋವು ಅಂತ ಅಂಗಡಿ ಮಾತ್ರೆ ನುಂಗೋ ಅಭ್ಯಾಸ ಇದೆಯೇನಮ್ಮ?"

"ಇಲ್ಲ."

"ಯಾರೇ ಕೊಟ್ರೂ ನಮ್ಮನ್ನ ಕೇಳದೆ ನುಂಗಬೇಡ. ಏನು ಕೆಲಸ ಮಾಡ್ಕೊಂಡಿದೀಯ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡನೇ ಉತ್ತರ ಕೊಟ್ಟರು. "ಮನೇಲೇ ಇರ್ತಾಳೆ."

ಅದು ಸುಳ್ಳೇನಲ್ಲ. ನಾನು ಮನೆಯಲ್ಲೇ ಇರುತ್ತೇನೆ. ನರ್ಸಮ್ಮ ಬರೆದುಕೊಂಡರು. ರಕ್ತದೊತ್ತಡ ನೋಡಲು ನನ್ನ ತೋಳಿಗೆ ಪಟ್ಟಿ ಸುತ್ತುವಾಗ ಅವರ ಮುಖ ನನ್ನ ಕೂದಲ ಹತ್ತಿರ ಬಂತು. ಮೂಗು ಅರಳಿಸಿದರು.

"ಮನೆಗೆ ಬಣ್ಣ ಹೊಡಿಸ್ತಿದೀರಾ?"

"ಹೂಂ... ಸ್ವಲ್ಪ" ಎಂದರು ಇವರು.

"ಮುಗಿಯೋವರೆಗೆ ಇವರನ್ನ ತವರಿಗೆ ಕಳಿಸಿ. ಬಣ್ಣ, ಥಿನ್ನರ್, ಆ ಥರದ ಅಂಟು, ಆ ವಾಸನೆ ಇರೋ ಕಡೆ ಇವರು ಇರಕೂಡದು. ಅದರಲ್ಲೂ ಈ ಮೊದಲ ಮೂರು ತಿಂಗಳು. ಕೈ ಕಾಲು ಹೃದಯ ಎಲ್ಲ ರೂಪಕ್ಕೆ ಬರೋ ಹೊತ್ತು ಇದು. ಏನಾಗತ್ತೆ ಅಂತ ಯಾರೂ ಬರೆದುಕೊಡಕ್ಕಾಗಲ್ಲ. ಆದ್ರೆ ತಪ್ಪಿಸಬಹುದಾದ್ದನ್ನ ತಪ್ಪಿಸಬೇಕಲ್ಲಮ್ಮ?"

ನಾನು ತಲೆಯಾಡಿಸಿದೆ. ಪಟ್ಟಿಯ ಗಾಳಿ ಬುಸ್ಸೆಂದು ಇಳಿಯಿತು.

ಹೊರಗೆ ಗಾಡಿ ನಿಲ್ಲಿಸಿದ್ದ ಕಡೆ ಬಂದ ಮೇಲೆ ಕೇಳಿದೆ. "ಯಾಕೆ ರೀ ಹಾಗೆ ಹೇಳಿದ್ರಿ?"

"ಮತ್ತೇನು ಹೇಳ್ಬೇಕಿತ್ತು? ಇಡೀ ಕತೆ ಶುರು ಮಾಡ್ತಿದ್ರು."

"ಅತ್ತೆಗೆ ಹೇಳಿಬಿಡೋಣ. ಇವತ್ತೇ."

ಅವರು ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡೂ ಪಟ್ಟಿ ಬಿಗಿಯದೆ ನಿಂತರು. "ಅಮ್ಮನ ವಿಷಯ ನಿಂಗೆ ಗೊತ್ತಲ್ಲ. ಮೂರು ತಿಂಗಳು ತುಂಬಲಿ. ಇನ್ನೈದು ವಾರ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗಿಹೋಗತ್ತೆ."

ಕಣ್ಣು ಮುಚ್ಚಬಹುದು. ಮೂಗು ಮುಚ್ಚಿಕೊಂಡು ಐದು ವಾರ ಇರುವುದು ಹೇಗೆ?

ಅತ್ತೆಯ ವಿಷಯ ಎಂದರೆ ನನ್ನ ನಾದಿನಿಯ ವಿಷಯ. ಅವರು ಮದುವೆಯಾಗಿ ಹೋಗಿದ್ದು ಹಿಂದಿನ ಬೀದಿಗೆ. ದಿನಾ ಬೆಳಿಗ್ಗೆ ಬಂದು ಇದೇ ಮೇಜಿನ ಮುಂದೆ ಕೆಲಸ ಮಾಡುತ್ತಿದ್ದರಂತೆ, ನಾನು ಈಗ ನಿಲ್ಲುವ ಜಾಗದಲ್ಲಿ. ಆರನೇ ವಾರದಲ್ಲೇ ಖುಷಿ ತಡೆಯಲಾರದೆ ಬೀದಿಗೆಲ್ಲ ಸಿಹಿ ಹಂಚಿದರಂತೆ. ಹತ್ತನೇ ವಾರದಲ್ಲಿ ಎಲ್ಲ ಮುಗಿದುಹೋಯಿತು. ಅದು ನಾನು ಬರುವುದಕ್ಕಿಂತ ಎರಡು ವರ್ಷ ಮೊದಲು. "ಡಂಗುರ ಹೊಡೆದ್ಲು, ಕಳ್ಕೊಂಡ್ಲು" ಎಂದು ಅತ್ತೆ ಈಗಲೂ ಹೇಳುತ್ತಾರೆ. "ನಾನು ಎರಡು ಹೆತ್ತೆ. ಮೂರು ತಿಂಗಳವರೆಗೆ ಹೆತ್ತ ತಾಯಿಗೂ ಗೊತ್ತಾಗಲಿಲ್ಲ. ಹೊಟ್ಟೇಲಿರೋದು ಹೊಟ್ಟೇಲೇ ಇರಬೇಕು, ಬಾಯಲ್ಲಲ್ಲ." ನಾದಿನಿ ಆಮೇಲೆ ಕೆಲಸಕ್ಕೆ ಬರಲಿಲ್ಲ. ಭಾನುವಾರ ಬಂದರೂ ಒಳಗೆ ಬರದೆ ಹೊರಗಿನ ಮೆಟ್ಟಿಲ ಮೇಲೆ ಕೂತು, ಅಮ್ಮ ಕೊಟ್ಟ ಟೀ ಕುಡಿದು ಎದ್ದು ಹೋಗುತ್ತಾರೆ. ಅವರ ಮುಂದೆ ಯಾರೂ ಆ ಮಾತು ಎತ್ತುವುದಿಲ್ಲ. ಅವರು ಹೋದ ಮೇಲೆ ಮಾತ್ರ ಎತ್ತುತ್ತಾರೆ.

ಹಾಗಾಗಿ ನನ್ನ ಲೆಕ್ಕ ಹೀಗಿತ್ತು. ಆ ಕೋಣೆಯಿಂದ ತಪ್ಪಿಸಿಕೊಳ್ಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದ ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ಅದು ನನ್ನ ಬಾಯಿಯ ತಪ್ಪು. ಹೇಳದಿದ್ದರೆ, ತಪ್ಪಿಸಿಕೊಳ್ಳಲೇಬೇಕೆಂದು ನರ್ಸಮ್ಮ ಹೇಳಿದ ಅದೇ ವಾರಗಳೆಲ್ಲ ಅಲ್ಲೇ ಕಳೆದುಹೋಗುತ್ತವೆ. ತವರಿಗೆ ಹೋಗೋಣವೆಂದರೆ ಅಲ್ಲಿ ಅಣ್ಣ, ಅತ್ತಿಗೆ, ಮೂರು ಮಕ್ಕಳು, ಒಂದೇ ಕೋಣೆ. ಅಲ್ಲೂ ಕಾರಣ ಕೇಳುವ ಬಾಯಿಗಳಿದ್ದವು.

ಡೈರಿಯಲ್ಲಿ ಬರೆದೆ: ವಾರ ಏಳು. ಇನ್ನೈದು. ಬರೆದ ಅಕ್ಷರಗಳೂ ಥಿನ್ನರ್ ವಾಸನೆ ಹೊಡೆಯುತ್ತಿದ್ದವು.

ಮಾರನೆಯ ದಿನದಿಂದ ಉಪಾಯಗಳು ಶುರುವಾದವು. ಸ್ಕ್ರೀನ್ ತೊಳೆಯುವಾಗ ಮೂಗಿಗೆ ಟವೆಲ್ಲು ಕಟ್ಟಿದೆ. "ಏನೇ ಇದು, ದರೋಡೆಗೆ ಹೊರಟ ಹಾಗೆ?" ಎಂದರು ಅತ್ತೆ. ಶೀತ ಎಂದೆ. ಬೀದಿ ಬಾಗಿಲನ್ನು ಒಂದಿಷ್ಟು ತೆರೆದಿಟ್ಟೆ. "ಧೂಳನ್ನ ಆರತಿ ಎತ್ತಿ ಕರೀತಿದೀಯಾ?" ಎಂದು ತಾವೇ ಎದ್ದು ಮುಚ್ಚಿದರು. ಅಡುಗೆ ನಾನೇ ಮಾಡುತ್ತೇನೆಂದು ಹಿಂದೆ ಹೋದೆ. ಎರಡು ದಿನ ನಡೆಯಿತು. ಮೂರನೆಯ ದಿನ ಅವರು ಚಮಚವನ್ನು ಕೆಳಗಿಟ್ಟು, "ಡಿಗ್ರಿ, ನೀನು ಇಂಕಿಗೇ ಲಾಯಕ್ಕು" ಎಂದು ತೀರ್ಪು ಕೊಟ್ಟರು. ನನ್ನ ಗಂಡ ಬಾಯಿ ಒರೆಸಿಕೊಳ್ಳುತ್ತ ನಕ್ಕರು. ನಾನೂ ನಕ್ಕೆ. ಏನು ಮಾಡಲಿ, ಸಾರು ನಿಜಕ್ಕೂ ಬಾಯಿಗೆ ಇಡುವ ಹಾಗಿರಲಿಲ್ಲ.

ಬೆಳಗಿನ ವಾಂತಿ ಶುರುವಾದಾಗ ಇವರು "ಪಿತ್ತ" ಎಂದರು. ಅತ್ತೆ ತಮ್ಮ ಪುಟ್ಟ ಡಬ್ಬಿಯನ್ನು ತೆರೆದರು. ಅವರ ಸೊಂಟನೋವಿನ ಮಾತ್ರೆ, ಹೊಟ್ಟೆಯ ಮಾತ್ರೆ, ನಿದ್ದೆಯ ಮಾತ್ರೆ ಎಲ್ಲ ಅದರಲ್ಲಿ ಒಂದಕ್ಕೊಂದು ಅಂಟಿಕೊಂಡು ಬಿದ್ದಿರುತ್ತವೆ. ಬಣ್ಣ ನೋಡಿ ಆರಿಸುತ್ತಾರೆ. "ಈ ಗುಲಾಬಿಯದು ನುಂಗು. ಸಂಜೆಯೊಳಗೆ ನೆಟ್ಟಗಾಗ್ತೀಯ." ನೀರಿನ ಲೋಟ ಹಿಡಿದು ಎದುರಿಗೇ ನಿಂತರು. ಮಾತ್ರೆಯನ್ನು ದವಡೆಗೆ ಒತ್ತಿಕೊಂಡು ನೀರು ಕುಡಿದೆ. ಮೇಲೆ ಹೋಗಿ ಉಗಿದು, ಕಾಗದದಲ್ಲಿ ಸುತ್ತಿ, ಡೈರಿಯ ನಡುವೆ ಇಟ್ಟೆ. ಬಚ್ಚಲಿಗೆ ಎಸೆದಿದ್ದರೆ ಕಾಣುತ್ತಿತ್ತು. ಹೀಗೆ ಒಂಬತ್ತನೆಯ ವಾರದ ಹೊತ್ತಿಗೆ ನನ್ನ ಡೈರಿ ಆರು ಗುಲಾಬಿ ಮಾತ್ರೆಗಳ ಮೇಲೆ ಉಬ್ಬಿಕೊಂಡು ಸರಿಯಾಗಿ ಮುಚ್ಚುತ್ತಿರಲಿಲ್ಲ.

ಆ ವಾರವೇ ಡ್ರಮ್ಮಿನ ಲೇಬಲ್ಲಿನ ಆರ್ಡರ್ ಬಂದದ್ದು.

ಊರಾಚೆಯ ಕಾರ್ಖಾನೆಯೊಂದು ನಮ್ಮ ಹಳೆಯ ಗಿರಾಕಿ. ಅವರು ಡ್ರಮ್ಮುಗಳಲ್ಲಿ ಥಿನ್ನರ್ ತುಂಬಿ ಮಾರುತ್ತಾರೆ. ಡ್ರಮ್ಮಿಗೆ ಅಂಟಿಸುವ ದೊಡ್ಡ ಲೇಬಲ್ಲು ವರ್ಷಕ್ಕೆರಡು ಸಲ ನಮ್ಮಲ್ಲೇ ಅಚ್ಚಾಗುತ್ತದೆ. ಅದರ ಸ್ಕ್ರೀನು ಗೋಡೆಯ ಕಪಾಟಿನಲ್ಲಿ ಎಷ್ಟೋ ವರ್ಷದಿಂದ ಇದೆ. ನಾನೇ ಅದನ್ನು ಮೂರು ಸಲ ತೊಳೆದಿದ್ದೇನೆ, ಅದರ ನೂರಾರು ಹಾಳೆಗಳ ಅಂಚು ನೋಡಿದ್ದೇನೆ. ಗುರುವಾರ ಮಧ್ಯಾಹ್ನ ಅದನ್ನು ಕೆಳಗಿಳಿಸಿ ಬೆಳಕಿಗೆ ಹಿಡಿದು, ಬಟ್ಟೆಯಲ್ಲಿ ಸೂಜಿತೂತುಗಳಿವೆಯೇ ಎಂದು ನೋಡುತ್ತಿದ್ದೆ. ಕೆಳಗಿನ ಸಾಲು, ಎಲ್ಲಕ್ಕಿಂತ ಸಣ್ಣ ಅಕ್ಷರದ್ದು, ಬೆಳಕಿನಲ್ಲಿ ತಾನಾಗಿ ಓದಿಸಿಕೊಂಡಿತು.

ಗರ್ಭಿಣಿಯರು ಈ ದ್ರಾವಕವನ್ನು ಬಳಸಬಾರದು. ಇದರ ಆವಿಯನ್ನು ಉಸಿರಾಡಬಾರದು.

ಚೌಕಟ್ಟನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟೆ. ಮೂರು ಸಲ ಈ ಸಾಲನ್ನು ಅದೇ ದ್ರಾವಕದಲ್ಲಿ ತೊಳೆದಿದ್ದೆ. ಪದವಿ ಓದಿದವಳು ನಾನು, ಹೆಸರೇ ಡಿಗ್ರಿ.

ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಸ್ಕ್ರೀನ್ ಬಟ್ಟೆ ತರಲು ಪೇಟೆಗೆ ಹೋಗಿದ್ದರು. ನನ್ನ ಗಂಡ ಚೀಲದ ವ್ಯಾಪಾರಿಗೆ ಮಾಲು ಕೊಡಲು ಹೋಗಿದ್ದರು. ಅತ್ತೆಯ ಮೇಜಿನ ಮೇಲೆ ಒಂದು ದಾರ ಕಟ್ಟಿದೆ. ಯಾವ ಕೆಲಸವೇ ಇರಲಿ, ಮೊದಲ ಹಾಳೆಯನ್ನು ಅಲ್ಲಿ ಕ್ಲಿಪ್ಪು ಹಾಕಿ ತೂಗುಬಿಡಬೇಕು. ಅತ್ತೆ ಬಂದವರೇ ಮೊದಲು ನೋಡುವುದು ಅದನ್ನು. ಈ ಮನೆಯಲ್ಲಿ ಅವರ ಕಣ್ಣಿನ ಎದುರಿಗೆ ಏನನ್ನಾದರೂ ಇಡಬಹುದಾದ ಜಾಗ ಅದೊಂದೇ.

ಬಾಯಿಂದ ಆಗದ್ದನ್ನು ಹಾಳೆಯಿಂದ ಹೇಳಿಸೋಣವೆಂದುಕೊಂಡೆ. ಆಗ ನಾನು ಬಾಯಿ ಬಿಟ್ಟಂತೆಯೂ ಆಗುವುದಿಲ್ಲ.

ಉಳಿದ ಸಾಲುಗಳ ಮೇಲೆಲ್ಲ ಟೇಪು ಅಂಟಿಸಿ ಮುಚ್ಚಿದೆ. ಕಡೆಯ ಸಾಲು ಮಾತ್ರ ಉಳಿಯಿತು. ಟವೆಲ್ಲು ಕಟ್ಟಿಕೊಂಡೆ, ಬೀದಿ ಬಾಗಿಲು ತೆರೆದೆ, ಬಾಗಿಲಲ್ಲಿ ನಿಂತು ಉಸಿರು ತುಂಬಿಕೊಂಡು ಒಳಗೆ ಬಂದು ಇಂಕು ಸುರಿದು ಒಂದೇ ಸಲ ಪಟ್ಟಿ ಎಳೆದೆ. ಮತ್ತೆ ಬಾಗಿಲಿಗೆ ಓಡಿದೆ. ಬಿಳಿ ಹಾಳೆಯ ತಳದಲ್ಲಿ ಕಪ್ಪು ಸಾಲೊಂದೇ ಬಂದಿತ್ತು. ಕ್ಲಿಪ್ಪು ಹಾಕಿದೆ.

ಇನ್ನು ತೊಳೆಯಬೇಕಿತ್ತು. ಇಂಕು ಹಸಿಯಿರುವಾಗಲೇ ತೊಳೆಯದಿದ್ದರೆ ಬಟ್ಟೆಯ ಕಣ್ಣುಗಳಲ್ಲಿ ಒಣಗಿ ಕೂತುಬಿಡುತ್ತದೆ. ಈ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಥಿನ್ನರ್ ಡಬ್ಬದ ಮುಚ್ಚಳಕ್ಕೆ ಕೈ ಹಾಕಿದೆ. ಅದನ್ನು ತಿರುಗಿಸಲು ನನ್ನ ಕೈ ಒಪ್ಪಲಿಲ್ಲ.

ಅಷ್ಟರಲ್ಲಿ ಇವರು ಬಂದರು. "ರೀ, ಒಂದು ಸ್ಕ್ರೀನ್ ತೊಳೆದುಬಿಡಿ. ನನ್ನ ಕೈಲಿ ಆಗ್ತಿಲ್ಲ."

"ಆಯ್ತು, ಅಲ್ಲಿಡು. ನೀನು ಮೇಲೆ ಹೋಗಿ ಮಲಗು" ಎಂದರು. ಇದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಟೇಪು ಕಿತ್ತು ಸ್ಕ್ರೀನನ್ನು ಮೇಜಿನ ಕಾಲಿಗೆ ಒರಗಿಸಿ ನಾನು ಮೇಲೆ ಹೋದೆ. ಕೆಳಗೆ ಅವರ ಫೋನು ರಿಂಗಾದದ್ದು, ಅವರು ಯಾರಿಗೋ "ಬಂದೆ, ಬಂದೆ" ಎಂದದ್ದು ಕೇಳಿಸಿತು.

ಅತ್ತೆ ಸಂಜೆಗೆ ಬಂದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವರು ಚೀಲ ಕೆಳಗಿಟ್ಟು, ದಾರದಿಂದ ಹಾಳೆ ತೆಗೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅವರ ಕಣ್ಣು ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಯಿತು.

"ಯಾರು ಎಳೆದಿದ್ದು ಇದನ್ನ? ನೀನಾ?"

"ಹೂಂ, ಅತ್ತೆ."

"ಇಷ್ಟು ಸಣ್ಣ ಅಕ್ಷರ! ಅಂಚು ನೋಡು, ಬ್ಲೇಡಲ್ಲಿ ಕೊಯ್ದ ಹಾಗಿದೆ." ಅವರು ನನ್ನನ್ನು ನೋಡಿ ನಕ್ಕರು. ನನಗೆ ಅವರು ಕೊಟ್ಟ ಮೊದಲ ಹೊಗಳಿಕೆ ಅದು. "ಪರವಾಗಿಲ್ವೇ ಡಿಗ್ರಿ, ಕೈ ಕುದುರಿದೆ. ನಾಳೆ ಡ್ರಮ್ಮಿನ ಲೇಬಲ್ ನೀನೇ ಎಳಿ. ಆರುನೂರು ಹಾಳೆ. ನನ್ನ ಸೊಂಟಕ್ಕೂ ಒಂದು ದಿನ ರಜ ಸಿಗಲಿ."

"ಅತ್ತೆ, ಅದರಲ್ಲಿ..."

"ಏನು?"

"ಏನಿಲ್ಲ."

ಅವರು ಹಾಳೆಯನ್ನು ನಾಲ್ಕಾಗಿ ಹರಿದು, ಒಂದು ತುಂಡಿನಿಂದ ರಬ್ಬರ್ ಪಟ್ಟಿಯ ಅಂಚನ್ನು ಒರೆಸಿದರು. ಗರ್ಭಿಣಿಯರು ಎಂಬುದು ಪಟ್ಟಿಗೆ ಉಜ್ಜಿ ಕಪ್ಪು ಮಸಿಯಾಯಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ನಗುವೋ ಅಳುವೋ ಗೊತ್ತಾಗದ ಒಂದನ್ನು ಮುಗಿಸಿ ಬಂದೆ. ಹೇಳಲು ಹೋಗಿ ಬಡ್ತಿ ಪಡೆದುಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ವಾಂತಿ ನಿಲ್ಲಲೇ ಇಲ್ಲ. ಬಚ್ಚಲ ಬಾಗಿಲ ಹೊರಗೆ ಅತ್ತೆಯ ಸದ್ದು. "ಡಿಗ್ರೀ! ಕಾರ್ಖಾನೆಯವರು ಮಧ್ಯಾಹ್ನಕ್ಕೆ ಮಾಲು ಕೇಳಿದಾರೆ. ಇದೇನು ಪಿತ್ತಾನೋ ಹೊಳೆ ನೀರೋ?" ಕಾದು ಕಾದು ಅವರೇ ಶುರುಮಾಡಿದರು. ಸ್ಕ್ರೀನನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ. ಬೆಳಕಿಗೆ ಎದುರಾಗಿ ದಿಟ್ಟಿಸುವುದು ಅವರ ಕಣ್ಣಿಗೆ ಈಗ ಆಗುವುದಿಲ್ಲ. ಅವತ್ತು ಯಾರೂ ಹಿಡಿದು ನೋಡಲಿಲ್ಲ.

ನಾನು ಮುಖ ತೊಳೆದು ಬರುವ ಹೊತ್ತಿಗೆ ನೂರು ಹಾಳೆ ಆಗಿತ್ತು. "ನೀನು ಹಾಳೆ ಒಣಗಿಸು, ನಾನೇ ಎಳೀತೀನಿ" ಎಂದರು. ಹಸಿ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಓರೆಯಾಗಿ ನೋಡಿ, ತಂತಿಯ ರ‍್ಯಾಕಿನಲ್ಲಿ ಮಲಗಿಸಬೇಕು. ಎತ್ತಿದೆ, ನೋಡಿದೆ, ಮಲಗಿಸಿದೆ. ಅಂಚುಗಳು ಚೊಕ್ಕವಾಗಿದ್ದವು. ಟವೆಲ್ಲಿನೊಳಗೆ ಚೂರು ಚೂರೇ ಉಸಿರಾಡುತ್ತ ಇನ್ನೂ ನೂರು ಹಾಳೆ ಮಲಗಿಸಿರಬೇಕು. ಆಮೇಲೆ ಕೈ ನಿಂತಿತು.

ಹಾಳೆಯ ತಳ ಖಾಲಿಯಿತ್ತು.

ಮೊದಲಿಗೆ ಕಣ್ಣು ಮಂಜಾಗಿದೆ ಎಂದುಕೊಂಡೆ. ಬೇರೆ ಹಾಳೆ ನೋಡಿದೆ, ಅದರ ಕೆಳಗಿನದು ನೋಡಿದೆ. ಕಾರ್ಖಾನೆಯ ಹೆಸರಿತ್ತು, ಬೆಂಕಿಯ ಚಿತ್ರವಿತ್ತು, ಲೀಟರ್ ಇತ್ತು. ಕಡೆಯ ಸಾಲು ಎಲ್ಲಿಯೂ ಇರಲಿಲ್ಲ. ನಾನು ತೊಳೆಯದೆ ಬಿಟ್ಟ ಸಾಲು, ನನ್ನ ಗಂಡ ತೊಳೆಯಲು ಮರೆತ ಸಾಲು, ಬಟ್ಟೆಯ ಕಣ್ಣುಗಳಲ್ಲಿ ಒಣಗಿ ಮುಚ್ಚಿಹೋಗಿತ್ತು. ಕಪಾಟಿಗೆ ಎತ್ತಿಡುವಾಗ ಅತ್ತೆ ಅದನ್ನು ತೊಳೆದದ್ದೇ ಎಂದುಕೊಂಡಿದ್ದರು.

ಇಲ್ಲದ ಸಾಲಿಗೆ ಅಂಚೂ ಇರುವುದಿಲ್ಲ. ಹಾಗಾಗಿ ಅಲ್ಲಿ ತಪ್ಪು ಯಾರಿಗೂ ಕಾಣಲಿಲ್ಲ.

ನನ್ನ ಗಂಡ ಒಣಗಿದ ಮೊದಲ ಕಂತೆಯನ್ನು ಆಗಲೇ ದಾರದಲ್ಲಿ ಕಟ್ಟುತ್ತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಖಾನೆಯಲ್ಲೂ ಯಾರೂ ಓದುವುದಿಲ್ಲ, ಅಂಟಿಸುತ್ತಾರೆ. ಆರುನೂರು ಡ್ರಮ್ಮು ಆರುನೂರು ಮುಚ್ಚಿದ ಕೋಣೆಗಳಿಗೆ ಹೋಗುತ್ತದೆ. ಅದರಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ನನ್ನಂಥವಳೊಬ್ಬಳು ಇರುತ್ತಾಳೆ. ಬಾಯಿಲ್ಲದಿದ್ದರೂ ಓದಲು ಬರುವವಳು. ಅವಳಿಗೆ ಓದಲು ಅಲ್ಲಿ ಏನೂ ಇರುವುದಿಲ್ಲ. ನನಗೆ ಕನಿಷ್ಠ ಒಂದು ಸಾಲಾದರೂ ಸಿಕ್ಕಿತ್ತು.

"ಅತ್ತೆ, ನಿಲ್ಲಿಸಿ."

ನನ್ನ ದನಿ ಟವೆಲ್ಲಿನೊಳಗೇ ಉಳಿಯಿತು. ಟವೆಲ್ಲು ಕೆಳಗೆಳೆದೆ. "ಅತ್ತೆ, ನಿಲ್ಲಿಸಿ. ಒಂದು ಸಾಲು ಬಿಟ್ಟುಹೋಗಿದೆ."

ಪಟ್ಟಿ ನಿಂತಿತು. "ಯಾವ ಸಾಲು? ಅಂಚೆಲ್ಲ ಚೆನ್ನಾಗೇ ಇದೆಯಲ್ಲ."

"ಕೆಳಗಿಂದು. ಸಣ್ಣ ಅಕ್ಷರದ್ದು."

ಅವರು ಸ್ಕ್ರೀನನ್ನು ಎತ್ತಿ, ಕಿಟಕಿಗೆ ಹಿಡಿದು, ಬೆರಳಿನಿಂದ ಸವರಿದರು. ಗಟ್ಟಿಯಾಗಿದ್ದ ಇಂಕು ಬೆರಳಿಗೆ ಸಿಕ್ಕಿತು. ಅವರ ಮುಖದ ಬಣ್ಣ ಬದಲಾಯಿತು. "ಯಾರು ಇದನ್ನ ತೊಳೀದೆ ಇಟ್ಟೋರು?"

"ಅಮ್ಮ, ಅದು ನಾನೇ ಮರೆತೆ, ಫೋನ್ ಬಂತು" ಎಂದು ಇವರು ಎದ್ದರು. "ಇವಳಿಗೆ ಪಿತ್ತ ಬೇರೆ..."

"ನೀನು ಸುಮ್ನಿರು. ಸ್ಕ್ರೀನ್ ತೊಳೆಯೋದು ನಿನ್ನ ಕೆಲಸ ಯಾವತ್ತಾಯ್ತು?" ಅತ್ತೆ ನನ್ನ ಕಡೆ ತಿರುಗಿದರು. "ಯಾಕೆ ತೊಳೀಲಿಲ್ಲ?"

ಹೇಳಬೇಕಾದದ್ದು ಗಂಟಲಿನವರೆಗೆ ಬಂದು ನಿಂತಿತು. ನಾನು ಅವರ ಕೈಲಿದ್ದ ಚೌಕಟ್ಟನ್ನೇ ನೋಡಿದೆ.

"ಯಾಕೆ ಅಂತ ಅದರಲ್ಲೇ ಬರೆದಿದೆ, ಅತ್ತೆ."

"ಏನು ಬರೆದಿದೆ? ಓದು."

ಓದಲು ಅಲ್ಲಿ ಈಗ ಏನೂ ಇರಲಿಲ್ಲ. ಬಾಯಿಪಾಠ ಹೇಳಿದೆ. "ಗರ್ಭಿಣಿಯರು ಈ ದ್ರಾವಕವನ್ನು ಬಳಸಬಾರದು. ಇದರ ಆವಿಯನ್ನು ಉಸಿರಾಡಬಾರದು."

ಶಾಲೆಯ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಕೈ ಕಟ್ಟಿಕೊಂಡು ಹೇಳಿದೆ. ಇವರು ಕಂತೆಯ ದಾರವನ್ನು ಹಿಡಿದು ನಿಂತೇ ಇದ್ದರು. ಅತ್ತೆ ಚೌಕಟ್ಟನ್ನು ಬಹಳ ನಿಧಾನವಾಗಿ ಕೆಳಗಿಳಿಸಿದರು.

"ಎಷ್ಟು?"

"ಒಂಬತ್ತನೇ ವಾರ."

"ಇವನಿಗೆ ಗೊತ್ತಿತ್ತಾ?"

ಇವರು ನೆಲ ನೋಡಿದರು. ಅತ್ತೆ ಮಗನಿಗೆ ಬೆನ್ನು ತಿರುಗಿಸಿದರು. ಬೈದಿದ್ದರೆ ವಾಸಿಯಿತ್ತು.

ಅವರು ಕಪಾಟಿನ ಕೆಳಗಿನ ಖಾನೆ ತೆರೆದರು. ಅಚ್ಚಾದ ಪ್ರತಿಯೊಂದು ಕೆಲಸದ ಒಂದೊಂದು ಹಾಳೆ ವರ್ಷವಾರು ಕಟ್ಟಿ ಇಟ್ಟಿರುತ್ತಾರೆ. ನೆಲದ ಮೇಲೆ ಕೂತು, ಸೊಂಟನೋವನ್ನೂ ಮರೆತು, ಒಂದೊಂದೇ ಕಟ್ಟು ಬಿಚ್ಚಿದರು. ಮೂರು ವರ್ಷ ಹಿಂದಿನ ಕಟ್ಟಿನಲ್ಲಿ ಡ್ರಮ್ಮಿನ ಲೇಬಲ್ಲು ಸಿಕ್ಕಿತು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿಯಲಿಲ್ಲ. ಮಡಿಲಲ್ಲಿ ನೇರವಾಗಿ ಹರಡಿಕೊಂಡು ಕಡೆಯ ಸಾಲಿನ ಕೆಳಗೆ ಬೆರಳಿಟ್ಟರು. ತುಟಿ ಅಲುಗುತ್ತಿತ್ತು. ಗ... ರ್ಭಿ... ಣಿ...

ಆ ವರ್ಷ ಹಾಳೆ ಒಣಗಿಸುತ್ತಿದ್ದವರು ನನ್ನ ನಾದಿನಿ. ಹಾಳೆಯ ಮೂಲೆಯಲ್ಲಿ ಇಂಕಿನ ಹೆಬ್ಬೆರಳ ಗುರುತೊಂದಿತ್ತು. ಯಾರದೆಂದು ಹೇಳಲಾಗದು.

"ಇದು ಮೊದಲಿಂದಾನೂ ಇತ್ತಾ?" ಎಂದರು. ನನ್ನನ್ನು ಕೇಳಿದ್ದಲ್ಲ, ಆದರೂ "ಇತ್ತು, ಅತ್ತೆ" ಎಂದೆ. ಒಂದು ಸಾಲಿಗೂ ಆ ಹತ್ತನೆಯ ವಾರಕ್ಕೂ ಸಂಬಂಧ ಇತ್ತೋ ಇಲ್ಲವೋ ಯಾರು ಬಲ್ಲರು? ನರ್ಸಮ್ಮ ಹೇಳಿದ ಹಾಗೆ ಯಾರೂ ಬರೆದುಕೊಡಲಾರರು. ಅದನ್ನು ಹೇಳಬೇಕೆಂದುಕೊಂಡೆ.

"ಆಚೆ ಹೋಗು" ಎಂದರು.

"ಅತ್ತೆ..."

"ಆಚೆ ಹೋಗು ಅಂದೆ. ಹೋಗು!"

ಬರಿಗಾಲಲ್ಲಿ ಬೀದಿಗೆ ಬಂದೆ. ಹಿಂದೆ ಬಾಗಿಲು ಹಾಕಿಕೊಂಡಿತು. ನಾದಿನಿ ಭಾನುವಾರ ಕೂರುವ ಮೆಟ್ಟಿಲ ಮೇಲೆ ಕೂತೆ, ಬೇರೆಲ್ಲಿ ಹೋಗಲಿ? ಎದುರುಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದ. ಹೊರಹಾಕಿದರೋ, ಉಳಿಸಿದರೋ ಗೊತ್ತಾಗಲಿಲ್ಲ. ಬಾಯಿ ಬಿಟ್ಟಾಗಿತ್ತು, ಒಂಬತ್ತನೇ ವಾರ. ಇನ್ನು ಮುಂದೆ ಏನಾದರೂ ಅದಕ್ಕೆ ಈ ಮೆಟ್ಟಿಲು ಸಾಕ್ಷಿ. ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಬೇಕೆನಿಸಿತು. ದರ್ಜಿ ನೋಡುತ್ತಿದ್ದಾನೆಂದು ಇಟ್ಟುಕೊಳ್ಳಲಿಲ್ಲ.

ಆಗ ಸದ್ದು ಕೇಳಿತು. ಗೋಡೆಯೊಳಗಿಂದ ಬಂದ ಹಾಗಿತ್ತು, ಉದ್ದಕ್ಕೆ, ಪರ್ ಎಂದು. ಮತ್ತೆ ಇನ್ನೊಂದು. ಕಿಟಕಿಯ ಸಂದಿಯಲ್ಲಿ ವರ್ಷಗಳಿಂದ ಕೂತಿದ್ದ ಟೇಪು ಸಿಪ್ಪೆಯ ಹಾಗೆ ಏಳುತ್ತಿತ್ತು. ಕದ ಅಂಟಿಕೊಂಡು ಬರಲಿಲ್ಲ. ಒಳಗಿನಿಂದ ಯಾರೋ ಅಂಗೈಯಲ್ಲಿ ಗುದ್ದಿದರು. ಎರಡನೆಯ ಗುದ್ದಿಗೆ ತೆರೆದುಕೊಂಡಿತು. ಥಿನ್ನರ್ ವಾಸನೆ ಬೀದಿಗೆ ನುಗ್ಗಿತು. ನಾನು ಎದ್ದು ನಾಲ್ಕು ಹೆಜ್ಜೆ ದೂರ ಸರಿದೆ.

"ಅಮ್ಮ, ಧೂಳು! ಇನ್ನೂ ನೂರು ಹಾಳೆ ಹಸಿ ಇದೆ!" ಇವರ ದನಿ.

"ಸಾಲೇ ಇಲ್ಲದ ಹಾಳೆಗೆ ಧೂಳು ಬಿದ್ರೇನು, ಬಿಟ್ರೇನು? ಬಕೀಟು ತಗೊಂಬಾ. ಸ್ಕ್ರೀನ್ ನೀನು ತೊಳಿ. ಇವತ್ತಿಂದ ಅದು ನಿನ್ನ ಕೆಲಸ. ಮೂಗಿಗೆ ಬಟ್ಟೆ ಕಟ್ಕೊ."

ಕಿಟಕಿಯಲ್ಲಿ ಅತ್ತೆ ಕಂಡರು, ಕಿವಿಗೆ ಫೋನು ಹಿಡಿದು, ಬೆನ್ನು ಬೀದಿಗೆ ಮಾಡಿ. "ಏನ್ ಮಾಡ್ತಿದೀಯ?" ಎಂದು ಕೇಳುತ್ತಿದ್ದರು. "ಏನಿಲ್ಲ ಕಣೇ, ಸುಮ್ನೆ ಮಾಡಿದೆ... ಹುಷಾರಾಗಿದೀನಿ... ಊಟ ಆಯ್ತಾ?" ಕೆಲಸದ ದಿನ ಮಗಳಿಗೆ ಅವರು ಫೋನು ಮಾಡಿದ್ದನ್ನು ನಾನು ನೋಡಿರಲಿಲ್ಲ. "ಇಲ್ಲ, ಏನೂ ಆಗಿಲ್ಲ... ಭಾನುವಾರ ಬಾ. ಬೇಗ ಬಾ."

ಮಧ್ಯಾಹ್ನದವರೆಗೆ ನನ್ನನ್ನು ಒಳಗೆ ಬಿಡಲಿಲ್ಲ. ಮೇಲಿನ ಕೋಣೆಗೆ ಹೋಗಲೂ ಆ ಕೋಣೆಯನ್ನೇ ದಾಟಬೇಕಲ್ಲ. ನನ್ನ ಡೈರಿ ಅಲ್ಲಿ, ಅದರೊಳಗೆ ಆರು ಗುಲಾಬಿ ಮಾತ್ರೆ ಅಲ್ಲಿ, ಚಪ್ಪಲಿ ಅಲ್ಲಿ. ನಾನು ಬೀದಿಯಲ್ಲಿ. ನಾಳೆಯಿಂದ ಎಲ್ಲಿರುತ್ತೇನೆ, ಮಲಗುವುದೆಲ್ಲಿ, ಯಾರೂ ಹೇಳಲಿಲ್ಲ. ದರ್ಜಿ ಒಂದು ಸ್ಟೂಲು ತಂದಿಟ್ಟು ಏನೂ ಕೇಳದೆ ಹೋದ.

ಸ್ಕ್ರೀನ್ ತೊಳೆದು, ಕಣ್ಣು ಬಿಡಿಸಿ, ಹೊಸ ಹಾಳೆ ಎಳೆದದ್ದು ಆಮೇಲೆ. ಅತ್ತೆ ಅದನ್ನು ದಾರಕ್ಕೆ ತೂಗುಹಾಕಲಿಲ್ಲ. ಬೀದಿ ಕಡೆಯ ಕಿಟಕಿಯ ಕದ ಎಳೆದುಕೊಂಡು, ಹಾಳೆಯನ್ನು ಒಳಗಿನಿಂದ ಗಾಜಿಗೆ ಹಿಡಿದರು. ಹಸಿ ಇಂಕು ಗಾಜಿಗೆ ತಾಗದ ಹಾಗೆ ಎರಡು ಬೆರಳು ದೂರದಲ್ಲಿ.

"ಡಿಗ್ರಿ," ಗಾಜಿನ ಆಚೆಯಿಂದ ಅವರ ದನಿ ಮಂಕಾಗಿ ಬಂತು. "ಹತ್ತಿರ ಬರಬೇಡ. ಅಲ್ಲಿಂದಲೇ ಓದಿ ಹೇಳು."

"ಅಂಚು ಚೆನ್ನಾಗಿದೆ, ಅತ್ತೆ."

"ಅಂಚು ನಾನು ನೋಡ್ಕೋತೀನಿ. ನೀನು ಓದು. ಗಟ್ಟಿಯಾಗಿ."

ಬೀದಿಯಲ್ಲಿ ದರ್ಜಿ ಇದ್ದ, ಸೈಕಲ್ಲಿನವರಿದ್ದರು, ನೀರು ಹಿಡಿಯಲು ಬಂದ ಹೆಂಗಸರಿದ್ದರು. ನಾನು ಸ್ಟೂಲಿನಿಂದ ಎದ್ದು ನಿಂತು, ಮೇಲಿನ ಸಾಲಿನಿಂದ ಶುರುಮಾಡಿದೆ.